ಅವ್ವನ ಹತ್ತು ಸಾಲು

ನಮ್ಮವ್ವ ಯಮನವ್ವನಿಗೆ ಜಗತ್ತಿನಲ್ಲಿ ಒಂದೇ ಒಂದು ಪುಸ್ತಕ ಓದಲು ಬರುತ್ತಿತ್ತು. ಬಸ್ಸಿನ ಬೋರ್ಡು ಬರುತ್ತಿರಲಿಲ್ಲ, ರೇಷನ್ ಕಾರ್ಡು ಬರುತ್ತಿರಲಿಲ್ಲ. ಪುಣೆಯಲ್ಲಿ ಅವೆಲ್ಲ ಮರಾಠಿಯವು. ಆಕೆಗೆ ಬರುತ್ತಿದ್ದದ್ದು ಅಂಗೈಯಷ್ಟು ಅಗಲದ, ಕಂದು ರಟ್ಟಿನ, ಕನ್ನಡದ ಒಂದು ಸುವಾರ್ತೆ. ಯೇಸುವಿನ ಕಥೆ. ನಾನು, ಆಕೆಯ ಒಬ್ಬಳೇ ಮಗಳು ಸಾಬವ್ವ, ಮುನಿಸಿಪಾಲ್ಟಿ ಶಾಲೆಯಲ್ಲಿ ಮರಾಠಿ ಕಲಿತವಳು. ಕನ್ನಡ ಓದು ಬರಹ ಕಲಿತದ್ದು ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಹಟಕ್ಕೆ ಬಿದ್ದು. ಹೀಗಾಗಿ ಆ ಪುಸ್ತಕದಲ್ಲಿ ಏನಿತ್ತು ಎಂಬುದು ಆಗ ನನಗೆ ಅವ್ವ ಹೇಳಿದಷ್ಟೇ ಗೊತ್ತು. ಅವ್ವ ಹೇಳಿದ್ದರಲ್ಲಿ ಅರ್ಧ ಅವ್ವನಿಗೇ ತಿಳಿದಿರಲಿಲ್ಲ.

ನಾವು ಶಹಾಪುರದ ಕಡೆಯವರು. ನಾನು ಮೂರು ವರ್ಷದವಳಿದ್ದಾಗ ಅಪ್ಪ ಕಾಶಪ್ಪ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಕರೆತಂದ. ಏಳುತ್ತಿರುವ ಕಟ್ಟಡದ ಬುಡದಲ್ಲೇ ನಮ್ಮ ಗುಡಿಸಲು. ಕಟ್ಟಡ ಎದ್ದು ನಿಂತಿತೆಂದರೆ ನಾವು ಗಂಟುಮೂಟೆ ಕಟ್ಟಬೇಕು. ಎಪ್ಪತ್ನಾಲ್ಕರಲ್ಲಿ ಧನಕವಡಿಯಲ್ಲಿ ಮೂರನೇ ಮಹಡಿಯಿಂದ ಅಪ್ಪ ಬಿದ್ದ. ಅವ್ವ ಕೆಳಗೆ ಗಾರೆಬುಟ್ಟಿ ಹೊತ್ತು ನಿಂತಿದ್ದಳು. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ, ನೀವೂ ಕೇಳಬೇಡಿ.

ಆ ದಿನದಿಂದ ಅವ್ವನ ಕೈ ನಡುಗತೊಡಗಿತು. ಬುಟ್ಟಿ ಹೊರುವ ಕೆಲಸ ಅಲ್ಲಿಗೆ ಮುಗಿಯಿತು. ಹೇಗೋ ಒಂದು ಸಣ್ಣ ದವಾಖಾನೆಯಲ್ಲಿ ಆಯಾ ಕೆಲಸ ಸಿಕ್ಕು, ಅಲ್ಲೇ ಹತ್ತಿರ ಒಂದು ತಗಡಿನ ಮನೆ ಹಿಡಿದೆವು. ದವಾಖಾನೆಗೆ ಹತ್ತು ನಿಮಿಷದ ಹಾದಿ. ಆದರೆ ಆ ಹಾದಿ ಹೋಗುವುದು ಅಪ್ಪ ಬಿದ್ದ ಕಟ್ಟಡದ ಮುಂದೆಯೇ. ಅಲ್ಲಿ ಜನ ವಾಸಕ್ಕೆ ಬಂದು, ಗ್ಯಾಲರಿಯಲ್ಲಿ ಸೀರೆ ಒಣಹಾಕಿ, ತುಳಸಿ ಕುಂಡ ಇಟ್ಟು ಸಂಸಾರ ಹೂಡಿದರೂ ಅವ್ವ ಆ ರಸ್ತೆ ತುಳಿಯಲಿಲ್ಲ. ದಿನಾ ಹಿಂದಿನ ಓಣಿಗಳನ್ನು ಸುತ್ತಿ ಅರ್ಧ ತಾಸು ನಡೆಯುತ್ತಿದ್ದಳು.

ದವಾಖಾನೆಯ ನರ್ಸು ಕುಸುಮ ಸಿಸ್ಟರ್ ಗದಗ ಬೆಟಗೇರಿಯವರು, ಕ್ರಿಶ್ಚನ್ ಮನೆತನ. ಮಧ್ಯಾಹ್ನ ರೋಗಿಗಳು ಮಲಗಿದ ಹೊತ್ತಿನಲ್ಲಿ ಅವರು ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅಕ್ಷರ ಕಲಿಸಿದರು. ಅಂಕಲಿಪಿ ಎಲ್ಲಿಂದ ತರಬೇಕು? ತಮ್ಮ ಚೀಲದಲ್ಲಿದ್ದ ಸುವಾರ್ತೆಯಲ್ಲೇ ಒಂದೊಂದು ಅಕ್ಷರ ತೋರಿಸಿ ತೋರಿಸಿ ಕಲಿಸಿದರು. ಅವ್ವನಿಗೆ ಎಂಟು ತಿಂಗಳು ಹಿಡಿಯಿತು. ಓದು ಬಂದ ದಿನ ಸಿಸ್ಟರ್ ಆ ಪುಸ್ತಕವನ್ನೇ ಅವ್ವನ ಕೈಗಿಟ್ಟರು.

ನಮ್ಮ ಜನ ಪುರಾಣ ಹಚ್ಚಿ ದಿನಾ ಇಷ್ಟಿಷ್ಟೇ ಓದುವ ಹಾಗೆ ಅವ್ವ ಅದನ್ನು ಓದಿದಳು. ಬೆಳಿಗ್ಗೆ ಐದಕ್ಕೆ ಎದ್ದು ಮೈಮೇಲೆ ತಣ್ಣೀರು ಸುರಿದುಕೊಂಡು ಒದ್ದೆ ಕೂದಲಲ್ಲೇ ದೇವರ ಜಗಲಿಯ ಮುಂದೆ ಕೂಡುವುದು. ಜಗಲಿಯ ಮೇಲೆ ಎಲ್ಲಮ್ಮನ ಫೋಟೋ, ಭಂಡಾರದ ಬಟ್ಟಲು, ಪಕ್ಕದಲ್ಲಿ ಪುಸ್ತಕ. ಭಂಡಾರವೆಂದರೆ ಅರಿಶಿನದ ಪುಡಿಯೇ, ಆದರೆ ಎಲ್ಲಮ್ಮನ ಮುಂದೆ ಇಟ್ಟ ಮೇಲೆ ಅದು ಬರೀ ಅರಿಶಿನವಲ್ಲ. ಅದನ್ನು ಹಿಡಿದು ಆಡಿದ ಮಾತು ತಪ್ಪಿದರೆ ಮನೆ ಉಳಿಯುವುದಿಲ್ಲ ಎಂದು ನಮ್ಮವರ ನಂಬಿಕೆ. ಅವ್ವ ಮೊದಲು ಎಲ್ಲಮ್ಮನಿಗೆ ಭಂಡಾರ ಹಚ್ಚುವಳು, ಆಮೇಲೆ ಪುಸ್ತಕಕ್ಕೆ ಹಚ್ಚುವಳು, ಆಮೇಲೆ ಬೆರಳಿಟ್ಟು ಹತ್ತು ಸಾಲು ಓದುವಳು. ಹನ್ನೊಂದನೆಯ ಸಾಲಿಗೆ ಹೋಗುತ್ತಿರಲಿಲ್ಲ. ಯೇಸು ಏನೋ ಹೇಳಲು ಬಾಯಿ ತೆರೆದಿದ್ದರೆ ಪಾಪ, ಮರುದಿನದವರೆಗೂ ಬಾಯಿ ತೆರೆದುಕೊಂಡೇ ನಿಲ್ಲಬೇಕು. ಓದಿ ಮುಗಿದ ಮೇಲೆ ನಳಕ್ಕೆ ನೀರು ಬರುವತನಕ ಕಣ್ಣು ಮುಚ್ಚಿ ಕೂಡುವಳು. ಪುಸ್ತಕ ತೀರಿದರೆ ಮತ್ತೆ ಮೊದಲಿನಿಂದ.

ಒಳಗೆ ಏನು ನಡೆಯುತ್ತಿತ್ತೋ ನಾ ಕಾಣೆ. ಕಣ್ಣು ತೆರೆದಾಗ ಶಾಂತಿಯಿಂದ ಏಳುತ್ತಿದ್ದಳು ಎಂದುಕೊಂಡರೆ ತಪ್ಪು. ಎಷ್ಟೋ ದಿನ ಜಗಳಕ್ಕೆ ಬಿದ್ದವಳ ಹಾಗೆ ಏಳುತ್ತಿದ್ದಳು. ಒಂದು ಮುಂಜಾನೆ ಒಲೆ ಊದುತ್ತ ಶುರುವಿಟ್ಟಳು.

"ಅಲ್ಲ ಸಾಬಿ, ಯೇಸಪ್ಪಗ ಹಸಿವಾತಂತ. ಅಂಜೂರದ ಗಿಡಕ್ಕ ಹೋಗಿ ನೋಡಿದ್ರ ಹಣ್ಣಿಲ್ಲ. ಸಿಟ್ಟಿಗೆದ್ದು ಗಿಡಕ್ಕ ಶಾಪ ಹಾಕ್ದ. ಅದು ಹಣ್ಣಿನ ಕಾಲ ಅಲ್ಲ ಅಂತ ಇದರಾಗ ಬರದದ. ಮತ್ತ ಗಿಡದ ತಪ್ಪೇನು?"

"ನನಗೇನ್ ಗೊತ್ತು? ನಿನ್ನ ಪುಸ್ತಕ, ನಿನ್ನ ಯೇಸಪ್ಪ," ಎಂದು ರೇಗಿದೆ. ನನಗೆ ಶಾಲೆಗೆ ತಡವಾಗಿತ್ತು. ಅವ್ವ ಮಾತ್ರ ಆ ಗಿಡದ ಪರವಾಗಿ ಒಂದು ವಾರ ವಕಾಲತ್ತು ಮಾಡಿದಳು. ಕುಸುಮ ಸಿಸ್ಟರ್‌ಗೂ ಉತ್ತರ ಹೊಳೆಯದೆ ಅವರು ತಮ್ಮ ಪಾದ್ರಿಗಳನ್ನೇ ಮನೆಗೆ ಕರೆತಂದರು. ಪಾದ್ರಿಗಳು ಗಿಡದ ಮಾತಿಗೆ ಬರುವ ಮೊದಲೇ ಪುಸ್ತಕದ ಮೇಲಿನ ಭಂಡಾರ ನೋಡಿ ಮುಖ ಸಣ್ಣದು ಮಾಡಿದರು. ಎರಡನ್ನೂ ಒಂದೇ ಕಡೆ ಇಡಬಾರದು, ಒಂದನ್ನು ಬಿಡಬೇಕು ಎಂದರು.

"ಎಲ್ಲವ್ವ ನಮ್ಮವ್ವನ ಕಾಲದಿಂದ ಇದ್ದಾಕಿ ರೀ," ಎಂದಳು ಅವ್ವ. "ಹೊಸಬರು ಬಂದಾರ ಅಂತ ಆಕಿಗಿ ಹೊರಗ ಹಾಕ್ಲೇನ್ರಿ? ಯೇಸಪ್ಪಾದರೂ ಅದಕ್ಕ ಹೂಂ ಅಂತಾನಂತೀರೇನು?"

ಪಾದ್ರಿಗಳು ಚಹಾ ಕುಡಿದು ಹೋದರು. ಅವ್ವ ಗೆದ್ದಳೆಂದು ನಾನು ನಕ್ಕೆ. ಅವ್ವ ನಗಲಿಲ್ಲ. "ಅವರು ಹೇಳಿದ್ದೂ ಖರೇ ಇರಬಹುದು," ಎಂದು ಇಡೀ ದಿನ ತಲೆ ಕೆಡಿಸಿಕೊಂಡಳು.

ಹೀಗೆ ಒಂದೂ ಬಗೆಹರಿಯದ ಓದಿನಿಂದ ಯಾರಿಗಾದರೂ ಬಲ ಬರುತ್ತದೆಯೇ? ಬರುತ್ತದೆ ಎಂದು ನಾನು ಕಣ್ಣಾರೆ ಕಂಡೆ. ಎರಡನೆಯ ವರ್ಷ ಒಂದು ಬೆಳಿಗ್ಗೆ ದವಾಖಾನೆಗೆ ಹೊರಟ ಅವ್ವ ಹಿಂದಿನ ಓಣಿಗೆ ತಿರುಗದೆ ನೆಟ್ಟಗೆ ನಡೆದಳು. ಶಾಲೆಗೆ ಹೊರಟಿದ್ದ ನಾನು ಗಾಬರಿಯಾಗಿ ಹಿಂದೆ ಓಡಿದೆ. ಆ ಕಟ್ಟಡದ ಮುಂದೆ ನಿಂತು, ತಲೆ ಎತ್ತಿ ಮೂರನೇ ಮಹಡಿಯನ್ನು ನೋಡಿ ಮುಂದೆ ಹೋದಳು. ಕೈ ನಡುಗುತ್ತಿರಲಿಲ್ಲ. ಇದು ಎಲ್ಲಮ್ಮ ಕೊಟ್ಟದ್ದೋ ಯೇಸು ಕೊಟ್ಟದ್ದೋ ಎಂದು ಸಂಜೆ ಕೇಳಿದೆ. "ಯಾರು ಕೊಟ್ರು ಅಂತ ನಾ ಕೇಳಿಲ್ಲ. ದಿನಾ ಕುಂತೆ, ಬಂತು," ಎಂದಳು.

ಆ ಬಲವನ್ನು ಕಸಿದುಕೊಂಡವಳು ನಾನೇ.

ಎಂಬತ್ಮೂರರಲ್ಲಿ ದೌಂಡದಿಂದ ನನ್ನನ್ನು ನೋಡಲು ಬಂದರು. ನಮ್ಮ ಜಾತಿಯವರೇ, ಮಾವ ಭೀಮಣ್ಣ ರೈಲ್ವೆಯಲ್ಲಿ ಗ್ಯಾಂಗ್‌ಮನ್, ಮಗ ಅವ್ವಣ್ಣನೂ ರೈಲ್ವೆಯಲ್ಲೇ ಖಲಾಸಿ. ಸುಳ್ಳೇಕೆ, ಹುಡುಗ ನನಗೆ ಭಾಳ ಹಿಡಿಸಿದ್ದ. ಮಾತು ಎಲ್ಲಾ ಸುಸೂತ್ರವಾಗಿತ್ತು. ಅಷ್ಟರಲ್ಲಿ ಅವ್ವಣ್ಣನ ತಾಯಿ ತಿಪ್ಪವ್ವ ಹಣೆಗೆ ಭಂಡಾರ ಇಟ್ಟುಕೊಳ್ಳಲು ಜಗಲಿಗೆ ಹೋದಳು. ಬಗ್ಗಿದವಳು ಹಾಗೇ ನಿಂತಳು. ಪುಸ್ತಕದ ರಟ್ಟಿನ ಮೇಲೆ ಶಿಲುಬೆ ಇತ್ತು.

"ಯಮನವ್ವ, ಇದೇನು? ನೀವು ಆ ಕಡಿ ಹೋದವರೇನು?"

ಅವ್ವ ಬಾಯಿ ತೆರೆದಳು. ಹೌದೆನ್ನಲು ಅಲ್ಲ, ಇಲ್ಲವೆನ್ನಲು ಅಲ್ಲ, ನಿಜ ಏನೆಂದು ಹುಡುಕಲು. ಆಕೆ ಹುಡುಕಿ ಮುಗಿಸುವತನಕ ದೌಂಡದವರು ಕಾಯುವರೇ? ನಾನು ಚಹಾದ ತಾಟು ಹಿಡಿದುಕೊಂಡೇ ನುಗ್ಗಿದೆ.

"ಅದು ನಮ್ಮದಲ್ರಿ! ದವಾಖಾನಿ ಸಿಸ್ಟರ್ ಅವರದು. ಇಡ್ಲಿಕ್ಕ ಕೊಟ್ಟಾರ. ನಾಳಿಗಿ ವಾಪಸ್ ಕೊಡ್ತೀವಿ."

"ಹಂಗಾರ ಭಂಡಾರ ಹಿಡದು ಹೇಳವ್ವ," ಎಂದಳು ತಿಪ್ಪವ್ವ. "ಇದು ನಮ್ಮದಲ್ಲ, ಇಂಥಾ ಪುಸ್ತಕ ಈ ಮನ್ಯಾಗ ಇಡೂದಿಲ್ಲ ಅಂತ."

ಬಟ್ಟಲಿಗೆ ಕೈ ಹಾಕಿ, ಮುಷ್ಟಿ ತುಂಬ ಭಂಡಾರ ಹಿಡಿದು, ಗಿಣಿಯ ಹಾಗೆ ಒಪ್ಪಿಸಿದೆ. ಅವ್ವ ನನ್ನ ಮುಷ್ಟಿಯನ್ನೇ ನೋಡುತ್ತಿದ್ದಳು.

ಮಾತು ಪಕ್ಕಾ ಆಯಿತು. ಅವರು ಹೋದ ಮೇಲೆ ನಾನು, "ಪುಸ್ತಕ ಟ್ರಂಕಿನಾಗ ಇಡು ಯವ್ವಾ, ಯಾರು ನೋಡ್ತಾರ?" ಎಂದೆ. ಹೀಗೆ ಹೇಳಲು ನನಗೆ ಬಾಯಾದರೂ ಹೇಗೆ ಬಂತೋ.

"ನೀ ಎಲ್ಲವ್ವನ ಮುಂದ ಮುಷ್ಟಿ ಕಟ್ಟಿದಿ," ಎಂದಳು ಅವ್ವ. "ಆ ಮಾತು ಸುಳ್ಳಾದ್ರ ನಿನ್ನ ಸಂಸಾರಕ್ಕ ಬಡೀತದ. ಅದನ್ನ ಖರೇ ಮಾಡೂದು ಈಗ ನನ್ನ ಮ್ಯಾಲ ಅದ."

ಮರುದಿನ ಪುಸ್ತಕದ ಮೇಲಿನ ಭಂಡಾರ ಒರೆಸಿ ಸಿಸ್ಟರ್ ಕೈಗೆ ಕೊಟ್ಟು ಬಂದಳು. ಸಿಸ್ಟರ್ ಕೆಲಸದಿಂದ ನಿವೃತ್ತರಾಗಿ ಅದೇ ತಿಂಗಳು ಬೆಟಗೇರಿಗೆ ಹೊರಟಿದ್ದರು. ನಮ್ಮ ಶಾಸ್ತ್ರದಲ್ಲಿ ಆಣೆಯನ್ನೇ ಇಡಬಾರದು ಎಂದಿದೆ, ನೀನು ಆಣೆಗೆ ಹೆದರಿ ಶಾಸ್ತ್ರವನ್ನೇ ವಾಪಸು ಕೊಡುತ್ತೀಯಲ್ಲ ಎಂದು ಅವರು ಬೈದರಂತೆ, ಅತ್ತರಂತೆ. ಅವ್ವನೂ ಅತ್ತಳಂತೆ. ಪುಸ್ತಕ ಮಾತ್ರ ಬೆಟಗೇರಿಗೆ ಹೋಯಿತು. ಎಲ್ಲಮ್ಮನ ಆಣೆ ಉಳಿಸಲು ಯೇಸುವನ್ನು ಊರಿಗೆ ಕಳಿಸಿದ್ದು ಸರಿಯೋ ತಪ್ಪೋ, ನನಗೆ ಇವತ್ತಿಗೂ ಹೇಳಲು ಬಾರದು.

ಮದುವೆಯಾಯಿತು. ಮೊದಲ ಪಂಚಮಿಗೆ ತವರಿಗೆ ಬಂದೆ. ಬೆಳಿಗ್ಗೆ ಐದಕ್ಕೆ ಅವ್ವ ಜಗಲಿಯ ಮುಂದೆ ಕುಳಿತಿದ್ದಳು, ಖಾಲಿ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಕೆಲಸಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ನೋಡಿದೆ. ಹಿಂದಿನ ಓಣಿಗೆ ತಿರುಗಿದಳು. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ದೌಂಡಕ್ಕೆ ವಾಪಸು ಬಂದು ನಾಲ್ಕು ದಿನ ಒದ್ದಾಡಿದೆ. ಹೇಳಿದರೆ ನನ್ನ ಸಂಸಾರ ಹೋದೀತು; ಹೇಳದಿದ್ದರೆ ಅವ್ವ ಹೋದಾಳು. ಐದನೆಯ ದಿನ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಕುಳಿತೆ.

"ಅತ್ತಿ, ನಾ ಭಂಡಾರ ಹಿಡದು ಸುಳ್ಳಾಡೀನಿ. ಆ ಪುಸ್ತಕ ನಮ್ಮವ್ವಂದು. ಏಳು ವರ್ಷ ಓದ್ಯಾಳ."

ಹಂಚಿನ ಮೇಲಿನ ರೊಟ್ಟಿ ಹತ್ತಿತು. ಅತ್ತೆ ಅದನ್ನು ತಿರುವಲಿಲ್ಲ.

"ಹಂಗಾರ ನಿಮ್ಮವ್ವ ಆ ಕಡಿಯಾಕಿ?"

"ಗೊತ್ತಿಲ್ಲ ಅತ್ತಿ."

"ನಮ್ಮ ಕಡಿಯಾಕಿ?"

"ಅದೂ ಗೊತ್ತಿಲ್ಲ. ಆಕಿಗೇ ಗೊತ್ತಿಲ್ಲ."

"ಖರೇ ಹೇಳ್ತೀನಿ ಅಂತ ಬಂದಾಕಿ ಎಲ್ಲಾದಕ್ಕೂ ಗೊತ್ತಿಲ್ಲ ಅಂತೀಯಲ್ಲ!" ಎಂದು ಹಿಟ್ಟಿನ ಕೈಯಿಂದಲೇ ಹಣೆ ಹಿಡಿದುಕೊಂಡಳು.

ಬೈಗುಳಕ್ಕೆ, ಹೊಡೆತಕ್ಕೆ ಸಿದ್ಧವಾಗಿ ಕುಳಿತಿದ್ದೆ. ಅತ್ತೆ ಬೈಯಲಿಲ್ಲ, ಹೆದರಿದಳು. ಸುಳ್ಳು ಆಣೆ ಈಗ ಆಕೆಯ ಮನೆಯೊಳಗೆ ಬಂದು ಕುಳಿತಿತ್ತು. ಮೂರನೆಯ ದಿನ ಬೆಳಿಗ್ಗೆ ಹೊಸ ಸೀರೆ ಉಟ್ಟು ನಿಂತಿದ್ದಳು. "ನಡಿ. ಆಣಿ ಕೇಳಿದಾಕಿ ನಾ. ಬಿಡಸಬೇಕಾದ್ರ ನಾನೇ ಬಿಡಸಬೇಕು."

ರೈಲಿಳಿದು, ಬಸ್ಸು ಹಿಡಿದು ಧನಕವಡಿ ಮುಟ್ಟಿದಾಗ ಮಧ್ಯಾಹ್ನ. ಅವ್ವನಿಗೆ ರಜೆಯಿತ್ತು. ಬೀಗತಿಯನ್ನು ಕಂಡು ಏನು ಕೇಡೋ ಎಂದು ಗಡಬಡಿಸಿ ನೀರು ತಂದಳು. ಅತ್ತೆ ನೀರನ್ನೂ ಮುಟ್ಟದೆ ಜಗಲಿಗೆ ಹೋಗಿ, ನನ್ನನ್ನು ಎದುರಿಗೆ ನಿಲ್ಲಿಸಿ, ಒಂದು ಮುಷ್ಟಿ ಭಂಡಾರ ಹಿಡಿದು ನನ್ನ ತಲೆಯ ಸುತ್ತ ಇಳಿಸಿ ಬಟ್ಟಲಿಗೆ ಹಾಕಿದಳು.

"ಎಲ್ಲವ್ವಾ, ನಾ ಕೇಳಿದ ಆಣಿ ನಾ ವಾಪಸ್ ತಗೊಂಡೀನಿ. ಹುಡುಗಿ ಮ್ಯಾಲ ಏನೂ ಇರಬಾರದು, ಈ ಮನಿ ಮ್ಯಾಲೂ ಇರಬಾರದು."

ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕುಳಿತು ಅವ್ವನ ಕಡೆ ತಿರುಗಿದಳು.

"ಪುಸ್ತಕ ತರಸ್ಕೋ. ಅದು ಬರೂತನಕ ಏನ್ ಮಾಡ್ತಿ?"

"ನೆನಪಿದ್ದಷ್ಟು ನೆನಸ್ತೀನಿ."

"ಏನದು? ಒಂದೀಟು ಹೇಳು. ಯಾವುದರ ಸಲುವಾಗಿ ನನ್ನ ಸೊಸಿ ಇಷ್ಟು ಮಾಡ್ಯಾಳ ನನಗೂ ತಿಳೀಲಿ."

ಅವ್ವ ಕಣ್ಣು ಮುಚ್ಚಿಕೊಂಡು ಶುರುಮಾಡಿದಳು.

"ಯೇಸಪ್ಪ ಸತ್ತಾನ. ಗವಿಯಾಗ ಇಟ್ಟು ಬಾಯಿಗಿ ದೊಡ್ಡ ಕಲ್ಲು ಮುಚ್ಯಾರ. ಮೂವರು ಹೆಂಗಸರು ಹೊತ್ತು ಹುಟ್ಟೂದಕ್ಕ ಸುಗಂಧ ತಗೊಂಡು ಹೊಂಟಾರ, ಹೆಣಕ್ಕ ಹಚ್ಚಲಿಕ್ಕ. ಆ ಕಲ್ಲು ನಮಗ ಯಾರು ಸರಸ್ತಾರ ಅಂತ ಹಾದ್ಯಾಗ ಕೇಳಿಕೋತ ಹೊಂಟಾರ. ಗೊತ್ತಿಲ್ಲ, ಆದರೂ ಹೊಂಟಾರ. ಹೋಗಿ ನೋಡಿದ್ರ ಕಲ್ಲು ಸರದದ. ಒಳಗ ಹೆಣ ಇಲ್ಲ. ಎದ್ದಾನ ಅಂತ ಒಬ್ಬ ಹುಡುಗ ಹೇಳ್ದ. ಅವರು ಅಂಜಿ ಓಡಿದ್ರು. ಯಾರಿಗೂ ಏನೂ ಹೇಳಲಿಲ್ಲ."

"ಯಾರಿಗೂ ಹೇಳದಿದ್ರ ಇದನ್ನ ಬರದವಗ ಹೆಂಗ ತಿಳೀತು?" ಎಂದಳು ಅತ್ತೆ ತಟ್ಟನೆ.

ಅವ್ವ ಕಣ್ಣು ತೆರೆದಳು. ಎಷ್ಟೋ ತಿಂಗಳ ಮೇಲೆ ಆಕೆಯ ಮುಖದಲ್ಲಿ ನಗು ಕಂಡೆ.

"ಮರುದಿನದ ಸಾಲಿನ್ಯಾಗ ಒಬ್ಬಾಕಿ ಹೇಳಿದ್ಲು ಅಂತ ಅದ. ಹೇಳಲಿಲ್ಲ ಅಂತನೂ ಅದ, ಹೇಳಿದ್ಲು ಅಂತನೂ ಅದ."

"ಎರಡರಾಗ ಯಾವುದು ಖರೇ?"

"ತಿಳೀವಲ್ದು ಬೀಗತಿ. ತಿಳದಿದ್ರ ಏಳು ವರ್ಷ ದಿನಾ ಯಾಕ ಕೂಡತಿದ್ದೆ?"

ಅತ್ತೆ ಸೆರಗು ಸರಿಮಾಡಿಕೊಂಡು ಅವ್ವನ ಹತ್ತಿರಕ್ಕೆ ಸರಿದು ಕುಳಿತಳು.

"ಮೊದಲಿಂದ ಹೇಳು," ಎಂದಳು. "ಲಗೂ ಲಗೂ ಹೇಳಬ್ಯಾಡ."