ಉಡಚಪ್ಪನವರ ನೀಲಿ ಡ್ರಮ್ಮು

ನವಲಗುಂದದಾಚೆ, ಎರೆಹೊಲಗಳ ನಡುವೆ ಈಗಷ್ಟೇ ಬೆಳಕು ಹರಿಯುತ್ತಿದೆ. ಚರಂಡಿ ನೀರು ಶುದ್ಧಗೊಳಿಸುವ ಘಟಕದಲ್ಲಿ ಉಡಚಪ್ಪನವರು ನೀಲಿ ಡ್ರಮ್ಮಿಗೆ ಬೆಲ್ಲದ ನೀರು ಸುರಿದು, ಉದ್ದನೆಯ ಕೋಲಿನಿಂದ ತಿರುವುತ್ತಿದ್ದಾರೆ.

"ಏಳ್ರಲೇ, ಹೊತ್ತಾತು!"

ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಬಿಟ್ಟರೆ ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಅವರು ಎಬ್ಬಿಸುತ್ತಿರುವುದು ಬ್ಯಾಕ್ಟೀರಿಯಾಗಳನ್ನು. ಪುಡಿಯಾಗಿ ಪೊಟ್ಟಣದಲ್ಲಿ ಬರುವ ಇವು ಡ್ರಮ್ಮಿನಲ್ಲಿ ಚೇತರಿಸಿಕೊಂಡು ದೊಡ್ಡ ತೊಟ್ಟಿಗೆ ಇಳಿಯುತ್ತವೆ. ಮಲಮೂತ್ರದ ಜೊತೆ ಬಂದ ಸಾರಜನಕವನ್ನು ಅರಗಿಸಿ ಗಾಳಿಗೆ ಬಿಡುತ್ತವೆ. ಇಲ್ಲದಿದ್ದರೆ ಅದೆಲ್ಲ ಹಳ್ಳ ಸೇರಿ, ಪಾಚಿ ಹಬ್ಬಿ, ಮೀನು ಸಾಯುತ್ತವೆ.

ಆರು ವರ್ಷದಿಂದ ಇಲ್ಲಿ ಹಗಲು ಪಾಳಿ ಇವರೊಬ್ಬರದೇ. ಊರಿನ ಚಹಾದಂಗಡಿಯಲ್ಲಿ ಇವರು ಬೆಂಚಿಗೆ ಕುಳಿತರೆ ಬಾಜೂದವರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. "ತಿಕ್ಕಿ ತಿಕ್ಕಿ ಜಳಕಾ ಮಾಡೇ ಹೋಗ್ತೀನ್ರಿ. ಆದ್ರೂ ಮೂಗು ಮುಚ್ಕೋತಾರ. ಅದಕ್ಕ ಇವುಗಳ ಕೂಡನ ಮಾತಾಡ್ತೀನಿ. ಇವು ಎದ್ದು ಹೋಗಂಗಿಲ್ಲ ನೋಡ್ರಿ," ಎಂದು ನಗುತ್ತಾರೆ.

ಕಳೆದ ಪಂಚಮಿಗೆ ಯಮನೂರಿನಿಂದ ತಂಗಿ ಗಂಗಾ ಬಂದಿದ್ದರು. ಘಟಕದ ಗೇಟು ದಾಟಿ ಬಂದ ಮೊದಲ ಬಂಧು! ಉಡಚಪ್ಪನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣನ ಬಳಿ ಬರಿಗೈಲಿ ಬಂದಾರೆಯೇ? ಒಂದು ಕೈಯಲ್ಲಿ ರೊಟ್ಟಿ ಗಂಟು, ಇನ್ನೊಂದರಲ್ಲಿ ಫಿನಾಯಿಲ್ ಡಬ್ಬಿ. ಇವರು ಚಹಾ ಕಾಸಲು ಒಳಹೋದಾಗ, ಅಣ್ಣ ಈ ನಾತದಲ್ಲಿ ಹೇಗಿರುತ್ತಾನೋ ಎಂದು ಮರುಗಿದ ತಂಗಿ, ನೊರೆಯೆದ್ದ ಡ್ರಮ್ಮಿಗೆ ಡಬ್ಬಿಯನ್ನು ಪೂರಾ ಸುರಿದುಬಿಟ್ಟರು.

"ಅಣ್ಣಾ, ಹೆಂಗ ಘಮ್ ಅನ್ನಾಕತ್ತೈತಿ ನೋಡು!"

ಸಾಕಿದ ಜೀವಗಳೆಲ್ಲ ಸತ್ತಿದ್ದವು. "ಚಲೋ ಆತವ್ವಾ," ಎಂದು ಇವರು ಚಹಾ ಕೊಟ್ಟರು. ತಂಗಿಯನ್ನು ಬಸ್ಸು ಹತ್ತಿಸಿ ಬಂದು ಡ್ರಮ್ಮು ತೊಳೆದರು. ಹೊಸ ಪುಡಿ ಬರುವವರೆಗೆ ಹಳ್ಳದತ್ತ ಮುಖ ಎತ್ತಿ ನೋಡಲಾಗಲಿಲ್ಲ. ಸಾಹೇಬರು ಬಾಯಿಗೆ ಬಂದಂತೆ ಬೈದರೂ ತಂಗಿಯ ಹೆಸರು ಹೇಳಲಿಲ್ಲ.

ಈಗ ಮತ್ತೆ ಪಂಚಮಿ ಹತ್ತಿರ ಬಂದಿದೆ. ನಿನ್ನೆ ಗಂಗಾ ಫೋನ್ ಮಾಡಿದ್ದಾರೆ: "ಬರ್ತೀನಿ ಅಣ್ಣಾ, ಈ ಸಲ ಎರಡು ಡಬ್ಬಿ ತರ್ತೀನಿ."

ಬರಬೇಡ ಎನ್ನಲು ಬಾಯಿ ಬರುವುದಿಲ್ಲ. ನಿಜ ಹೇಳಿದರೆ ನಾಚಿಕೊಂಡು ಮತ್ತೆಂದೂ ಬರಲಿಕ್ಕಿಲ್ಲ ಎಂಬ ಅಂಜಿಕೆ ಬೇರೆ. ಕೋಲು ಬದಿಗಿಟ್ಟು ಉಡಚಪ್ಪನವರು ನನ್ನ ಕಡೆ ತಿರುಗುತ್ತಾರೆ.

"ನೀವ ಪೇಪರಿನ್ಯಾಗ ಬರೀರಿ. ಆಕಿ ಮಗಳು ಓದಿ ಹೇಳ್ತಾಳ. ತಪ್ಪು ಆಕೀದಲ್ಲ, ನಾನ ಮೊದಲ ಹೇಳಬೇಕಿತ್ತು ಅಂತ ಬರೀರಿ. ಆಮ್ಯಾಲ ಇಷ್ಟ ಬರೀರಿ: ಗಂಗಾ, ತಪ್ಪದ ಬಾರವ್ವಾ. ಬರಿಗೈಲೆ ಬಾ."