ಸೋಮವಾರದ ಎತ್ತು, ಸೋಮವಾರದ ಕಾಲು

ಕೋಪ ಇಳಿದ ಮೇಲೆ ಬರೆಯೋಣವೆಂದು ಇಷ್ಟು ದಿನ ಕಾದೆ. ಇಳಿಯುವ ಲಕ್ಷಣ ಕಾಣುತ್ತಿಲ್ಲ. ಆದ್ದರಿಂದ ಕೋಪದಲ್ಲೇ ಬರೆಯುತ್ತಿದ್ದೇನೆ.

ನಮ್ಮ ಕಡೂರಿನಲ್ಲಿ ಫುಟ್‌ಬಾಲ್ ಆಡುವವರಿಗಿಂತ ಫುಟ್‌ಬಾಲ್ ತಿಳಿದವರು ಹೆಚ್ಚು. ತಿಳಿದವರೆಲ್ಲ ಸಂಜೆ ಸ್ಟೇಷನ್ ರಸ್ತೆಯ ಒಂದು ಕಟಿಂಗ್ ಶಾಪಿನಲ್ಲಿ ಸೇರುತ್ತಿದ್ದೆವು. ಜೀವಮಾನವೆಲ್ಲ ತಾಲ್ಲೂಕು ಕಚೇರಿಯಲ್ಲಿ ಪಹಣಿ, ಖಾತೆ, ಪೋಡಿ ಎಂದು ಬರೆದು ನಿವೃತ್ತನಾದ ನನಗೆ ಅಲ್ಲಿ ಕನ್ನಡಿಯೆದುರಿನ ಎರಡನೇ ಕುರ್ಚಿ ಕಾಯಂ ಆಗಿತ್ತು. ನನ್ನ ತಲೆಯ ಮೇಲೆ ಕತ್ತರಿಸಲು ಏನೂ ಉಳಿದಿರಲಿಲ್ಲ, ಆದರೂ ಕುರ್ಚಿ ಬಿಟ್ಟುಕೊಟ್ಟಿರಲಿಲ್ಲ. ಅಂಗಡಿಯವನು ನಮ್ಮ ಸಭೆಯ ಕಾರ್ಯದರ್ಶಿ. ಕೈಯಲ್ಲಿ ಕತ್ತರಿ ಇರುವುದರಿಂದ ಅವನು ಮಾತಾಡುವಾಗ ಗಿರಾಕಿ ತಲೆ ಅಲ್ಲಾಡಿಸುವಂತಿಲ್ಲ. ಅಧ್ಯಕ್ಷ ನನ್ನ ಜೊತೆ ಮಿಡ್ಲ್ ಸ್ಕೂಲಿನಲ್ಲಿ ಓದಿದ ಕೊಬ್ಬರಿ ಸಾಹುಕಾರ. ಊರಿನ ತಂಡಕ್ಕೆ ಅವನೇ ಜೆರ್ಸಿ ಹೊಲಿಸಿಕೊಟ್ಟಿದ್ದಾನೆ. ಹನ್ನೊಂದು ಜೆರ್ಸಿಯ ಜೊತೆಗೆ ಇಪ್ಪತ್ತೆರಡು ಕಾಲುಗಳೂ ತನ್ನ ಖಾತೆಗೆ ಬಂದವೆಂದು ನಂಬಿದ್ದಾನೆ.

ಆ ಇಪ್ಪತ್ತೆರಡರಲ್ಲಿ ಎರಡು ಕಾಲುಗಳ ಬಗ್ಗೆ ಮಾತ್ರ ನಮ್ಮ ಚರ್ಚೆ. ಅವು ನಮ್ಮ ಸ್ಟ್ರೈಕರ್‌ನ ಕಾಲುಗಳು. ಸಖರಾಯಪಟ್ಟಣದ ಕಡೆಯವನು, ಮದುವೆಯಾಗಿ ಕಡೂರಿನ ಅಂಚಿನಲ್ಲಿ ಮನೆ ಮಾಡಿದ್ದಾನೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೆಂಗಿನ ಮರ ಹತ್ತಿ ಎಳನೀರು ಇಳಿಸುವುದು ಅವನ ಕೆಲಸ. ಸಂಜೆ ಆಟ. ಅವನ ಮನೆಯ ಖಾತೆ ಬದಲಾವಣೆಯ ಅರ್ಜಿಯನ್ನು ನಾನು ಬರೆದುಕೊಟ್ಟಿದ್ದೆ. ಅಂದಿನಿಂದ ನಾನು ಕಂಡರೆ ಸಾಕು, ಎಲ್ಲಿ ಕೂತಿದ್ದರೂ ಎದ್ದು ನಿಲ್ಲುತ್ತಾನೆ. ಟೀ ಅಂಗಡಿಯ ಬೆಂಚಿನಿಂದ ಏಳುತ್ತಾನೆ, ನಿಂತ ಬಸ್ಸಿನ ಸೀಟಿನಿಂದ ಏಳುತ್ತಾನೆ. ಕಚೇರಿಯಲ್ಲಿದ್ದಾಗಲೂ ನನಗೆ ಯಾರೂ ಅಷ್ಟು ಎದ್ದಿರಲಿಲ್ಲ. ಹಾಗಾಗಿ ಆ ಏಳುವಿಕೆ ನನಗೆ ಸಲ್ಲಬೇಕಾದ ಕಂದಾಯದಂತೆ ಅಭ್ಯಾಸವಾಗಿಹೋಗಿತ್ತು.

ಈ ಸಲ ಸೋಮವಾರ ಸರ್ಕಾರಿ ರಜೆ ಬಂದಿದ್ದರಿಂದ ಮೂರು ದಿನದ ಪಂದ್ಯಾವಳಿ ಇಟ್ಟಿದ್ದರು. ಶನಿವಾರ ಅಜ್ಜಂಪುರದಲ್ಲಿ ಮೊದಲ ಪಂದ್ಯ, ಭಾನುವಾರ ಕಡೂರಿನಲ್ಲಿ ಸೆಮಿಫೈನಲ್, ಸೋಮವಾರ ತರೀಕೆರೆಯಲ್ಲಿ ಫೈನಲ್. ಅಜ್ಜಂಪುರದಲ್ಲಿ ನಮ್ಮವನು ಎರಡು ಗೋಲು ಹೊಡೆದ. ಎರಡನೆಯದನ್ನು ಹೊಡೆಯುವಾಗ ಗೋಲ್‌ಕೀಪರ್ ಅವನ ಮೇಲೆ ಬಿದ್ದ. ಬಲ ಮೊಣಕಾಲು ಅಡಿಗೆ ಸಿಕ್ಕಿಕೊಂಡಿತು. ಸ್ವಲ್ಪ ಹೊತ್ತು ನೆಲದಲ್ಲೇ ಇದ್ದು, ಎದ್ದು ಮಣ್ಣು ಕೊಡವಿಕೊಂಡ. ನಾವು ಗೋಲಿಗೂ ಚಪ್ಪಾಳೆ ತಟ್ಟಿದೆವು, ಎದ್ದಿದ್ದಕ್ಕೂ ತಟ್ಟಿದೆವು. ಬೀಳುವುದಕ್ಕೂ ಏಳುವುದಕ್ಕೂ ನಡುವೆ ಏನಾಯಿತೆಂದು ವಿಚಾರಿಸುವುದು ಪ್ರೇಕ್ಷಕರ ಕರ್ತವ್ಯಗಳಲ್ಲಿ ಸೇರಿಲ್ಲ.

ಭಾನುವಾರ ನಾವು ಒಂದು ಪೆನಾಲ್ಟಿಯ ಪುಣ್ಯದಿಂದ ಗೆದ್ದೆವು. ಸ್ಟ್ರೈಕರ್ ಮಾತ್ರ ಮೂರು ಅವಕಾಶ ಹಾಳು ಮಾಡಿದ. ಮೂರನೆಯದಂತೂ ಕೀಪರ್ ಕೂಡ ಇಲ್ಲದ ಬರೀ ಗೋಲು. ಬಾಲು ಕಂಬದ ಮೇಲಿಂದ ಹಾರಿ ಹಿಂದಿನ ಬೇಲಿಗೆ ಬಿತ್ತು. ಸಾಹುಕಾರ ಎದ್ದು ನಿಂತು, "ಲೇ, ಅದು ಗೋಲ್ ಪೋಸ್ಟ್ ಕಣೋ, ತೆಂಗಿನ್ ಮರ ಅಲ್ಲ. ಮೇಲಕ್ಕೇ ನೋಡ್ತೀಯಲ್ಲೋ" ಎಂದು ಕೂಗಿದ. ಮೈದಾನವೆಲ್ಲ ನಕ್ಕಿತು. ಜೋರಾಗಿ ನಕ್ಕವರ ಪಟ್ಟಿಯಲ್ಲಿ ನನ್ನ ಹೆಸರು ಮೊದಲಿಗೆ ಬರುತ್ತದೆ.

ಅಂದು ಸಂಜೆ ಸಭೆ ತುಂಬು ಗಾಂಭೀರ್ಯದಿಂದ ಸೇರಿತು. ವಿಷಯ ಒಂದನೆಯದು, ಫಿನಿಶಿಂಗ್. ಇವನಿಗೆ ಗೋಲಿನ ಮುಂದೆ ತಾಳ್ಮೆಯಿಲ್ಲ ಎಂದು ಕಾರ್ಯದರ್ಶಿ ಹೇಳಿದ. ತಾಳ್ಮೆಯಲ್ಲ, ಮದುವೆಯಾದ ಮೇಲೆ ಗಮನವಿಲ್ಲ ಎಂದು ಅಧ್ಯಕ್ಷ ತಿದ್ದಿದ. ಬಲಗಾಲಿನ ಮೇಲೆ ಭಾರ ಹಾಕದೆ ಹಿಂದಕ್ಕೆ ವಾಲುತ್ತಿದ್ದಾನೆ, ಅದಕ್ಕೇ ಬಾಲು ಮೇಲಕ್ಕೆ ಹೋಗುತ್ತಿದೆ ಎಂದು ನಾನು ಕನ್ನಡಿಯ ಮುಂದೆ ನಿಂತು ವಾಲಿ ತೋರಿಸಿದೆ. ಎಲ್ಲರೂ ಒಪ್ಪಿದರು. ನಾನು ಕಂಡಿದ್ದು ಸರಿಯಾಗಿಯೇ ಇತ್ತು. ಮನುಷ್ಯ ಒಂದು ಕಾಲಿನ ಮೇಲೆ ಭಾರ ಹಾಕದಿದ್ದರೆ ಅದು ಏಕೆ ಎಂಬ ಮುಂದಿನ ಪ್ರಶ್ನೆ ಮಾತ್ರ ಆ ಅಂಗಡಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಂದು ಅರ್ಜಿಯನ್ನೂ ಕಾರಣ ಬರೆಯದೆ ಹಿಂದಕ್ಕೆ ಕಳಿಸದ ನನಗೂ ಹೊಳೆಯಲಿಲ್ಲ.

ಆಮೇಲೆ ಅವನ ಬೆಳವಣಿಗೆಯ ವಿಚಾರ ಬಂತು. ಎರಡು ವರ್ಷದ ಹಿಂದೆ ಹೇಗೆ ಆಡುತ್ತಿದ್ದನೋ ಈಗಲೂ ಹಾಗೇ ಇದ್ದಾನೆ, ಎಡಗಾಲು ಕಲಿಯಲಿಲ್ಲ, ತಲೆಯಿಂದ ಹೊಡೆಯುವುದು ಕಲಿಯಲಿಲ್ಲ ಎಂದು ಒಬ್ಬೊಬ್ಬರೂ ಆಕ್ಷೇಪಣೆ ಸಲ್ಲಿಸಿದರು. ಯಾರು ಕಲಿಸಿದ್ದರು, ಎಲ್ಲಿ ಕಲಿಯಬೇಕಿತ್ತು ಎಂಬುದು ಸಭೆಯ ವ್ಯಾಪ್ತಿಗೆ ಬರಲಿಲ್ಲ. ಕೊನೆಗೆ ಕಾರ್ಯದರ್ಶಿ ಗಿರಾಕಿಯೊಬ್ಬನ ಕೆನ್ನೆಗೆ ಸೋಪು ಹಚ್ಚುತ್ತ, ಮೂರು ದಿನ ಮೂರು ಮ್ಯಾಚು, ಹುಡುಗನಿಗೆ ಸ್ವಲ್ಪ ರೆಸ್ಟ್ ಬೇಕೇನೋ ಎಂದ. ಆ ಸಂಜೆ ಆಡಿದ ಒಂದೇ ಮನುಷ್ಯರ ಮಾತು ಅದು. ಸಾಹುಕಾರ ಅದನ್ನು ಒಂದೇ ಏಟಿಗೆ ಹೊಡೆದುಹಾಕಿದ. ದಿನಾ ಮರ ಹತ್ತುವವನಿಗೆ ಬಯಲಲ್ಲಿ ಓಡುವುದೇ ರೆಸ್ಟು ಎಂಬುದು ಅವನ ಸಿದ್ಧಾಂತ.

ಇಬ್ಬರ ನಡುವೆ ರಾಜಿ ಮಾಡಿಸಿದವನು ನಾನು. ಮೊದಲರ್ಧ ಹೊರಗೆ ಕೂರಿಸುವುದು, ಎರಡನೆಯ ಅರ್ಧದಲ್ಲಿ ಇಳಿಸುವುದು, ಒಂದು ಗೋಲು ಬಂದ ಕೂಡಲೇ ಎತ್ತಿಕೊಳ್ಳುವುದು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಅದನ್ನು ಬರೆದು ಓದಿದೆ. ವಾಕ್ಯಗಳು ಚೆನ್ನಾಗಿದ್ದವು. ಅಷ್ಟು ಚೆನ್ನಾದ ವಾಕ್ಯಗಳನ್ನು ಹುಡುಗನಿಗೆ ತಲುಪಿಸುವ ಹೊಣೆಯೂ ನನಗೇ ಬಂತು.

ದೀಪ ಹಚ್ಚುವ ಹೊತ್ತಿಗೆ ಅವನ ಮನೆಗೆ ಹೋದೆ. ಮಂಚದ ಮೇಲೆ ಕಾಲು ನೀಡಿಕೊಂಡು, ಸೊಂಟದವರೆಗೆ ಕಂಬಳಿ ಹೊದ್ದು ಕೂತಿದ್ದ. ನನ್ನನ್ನು ಕಂಡು ನಮಸ್ಕಾರ ಮಾಡಿದ. ಏಳಲಿಲ್ಲ.

ಓಹೋ, ಎರಡು ಗೋಲು ಹೊಡೆದಿದ್ದಕ್ಕೇ ಇಷ್ಟು ಬಂತೇ ಎಂದುಕೊಂಡೆ. ಸಮಾಧಾನವಾಗಿ ಹೇಳಬೇಕೆಂದಿದ್ದ ಮಾತುಗಳೆಲ್ಲ ಬಾಯಲ್ಲೇ ಬಿರುಸಾದವು. ನಿಂತುಕೊಂಡೇ ಅವನಿಗೆ ಫಿನಿಶಿಂಗ್ ಪಾಠ ಮಾಡಿದೆ. ಹಿಂದಕ್ಕೆ ವಾಲಬಾರದು, ಭಾರವೆಲ್ಲ ಆ ಕಾಲಿನ ಮೇಲೆ ಬಿಡಬೇಕು, ಊರಿನ ಮಾನ ನಿನ್ನ ಕಾಲಲ್ಲಿದೆ ಎಂದೆಲ್ಲ ಹೇಳಿದೆ. ಅವನು "ಆಯ್ತು ಸಾರ್, ಬತ್ತೀನಿ" ಎಂದ. ಅವನ ಹೆಂಡತಿ ಒಲೆಯ ಹತ್ತಿರ ಬೆನ್ನು ಹಾಕಿ ನಿಂತಿದ್ದಳು. ಕಾಫಿ ಕೊಡಲಿಲ್ಲ. ಅದನ್ನೂ ಗಂಡನ ಅಹಂಕಾರದ ಲೆಕ್ಕಕ್ಕೇ ಸೇರಿಸಿಕೊಂಡು ಮನೆಗೆ ಬಂದೆ.

ಸೋಮವಾರ ಬೆಳಿಗ್ಗೆ ಸಾಹುಕಾರನ ಮನೆಗೆ ಹೋದೆ. ತರೀಕೆರೆಗೆ ಹೊರಡುವ ಜೀಪು ಅಲ್ಲಿಂದಲೇ. ಅಂಗಳದಲ್ಲಿ ಅವನ ಜೋಡಿ ಎತ್ತುಗಳು ಮಿರುಗುತ್ತ ನಿಂತಿದ್ದವು. ಅಜ್ಜಂಪುರದ ಕಡೆಯಿಂದ ತಂದ ಅಮೃತಮಹಲ್ ತಳಿ. ನಮ್ಮ ಕಡೆ ಸೋಮವಾರ ಯಾರೂ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹದ ತಪ್ಪಿದರೂ ಸರಿ, ಬಿತ್ತನೆ ಒಂದು ದಿನ ತಡವಾದರೂ ಸರಿ, ಸೋಮವಾರ ಕೊರಳಿನ ಮೇಲೆ ನೊಗ ಇಡುವಂತಿಲ್ಲ. ಸಾಹುಕಾರ ಅವುಗಳ ಮೈ ತೊಳೆಸಿ, ಹಣೆಗೆ ವಿಭೂತಿ ಬಳಿದು, ತಾನೇ ಕೈಯಾರೆ ಹಿಂಡಿ ತಿನ್ನಿಸುತ್ತಿದ್ದ. ಅವನ ಮುಖದಲ್ಲಿ ನಿಜವಾದ ಭಕ್ತಿ ಇತ್ತು. ಅದನ್ನು ನಾನು ಇವತ್ತೂ ಸುಳ್ಳೆನ್ನುವುದಿಲ್ಲ.

ಆಗ ಸ್ಟ್ರೈಕರ್‌ನ ಹೆಂಡತಿ ಗೇಟು ತೆಗೆದು ಒಳಗೆ ಬಂದಳು. ಸಾಹುಕಾರನನ್ನು ನೋಡದೆ ನೇರ ನನ್ನ ಹತ್ತಿರ ಬಂದಳು.

"ಸಾರ್, ಮೊಣಕಾಲು ಊದಿ ಕುಂಬಳಕಾಯಿ ಆಗೈತೆ. ಮಡಿಸಕ್ಕಾಯ್ತಿಲ್ಲ. ನಿನ್ನೆ ನೀವ್ ಬಂದಾಗ ಏಳಕ್ಕಾಗ್ದೇ ಕೂತಿದ್ರು. ನೀವ್ ಹೋದ್ಮೇಲೆ ಸಾರ್ ಏನಂದ್ಕಂಡ್ರೋ, ಸಾರ್ ಏನಂದ್ಕಂಡ್ರೋ ಅಂತ ಅದೊಂದೇ ಮಾತು. ಈಗ ಬಟ್ಟೆ ಸುತ್ಕಂಡು ಬತ್ತಾ ಅವ್ರೆ. ನೀವ್ ಬ್ಯಾಡ ಅಂದ್ರೆ ಕೇಳ್ತಾರೆ."

ಉತ್ತರ ಕೊಡಬೇಕಾದವನು ನಾನು. ಕೊಟ್ಟವನು ಸಾಹುಕಾರ. ಅವನು ಹಿಂಡಿಯ ಕೈ ಒರೆಸಿಕೊಳ್ಳುತ್ತ, "ಅರ್ಧ ಗಂಟೆ ಕಣಮ್ಮ. ಸೆಕೆಂಡ್ ಹಾಫಲ್ಲಿ ಇಳಿಸ್ತೀವಿ, ಒಂದ್ ಗೋಲ್ ಆದ್ರೆ ಎತ್ಕಂಬಿಡ್ತೀವಿ. ನಿಮ್ ಸಾರೇ ಬರ್ದಿರೋದು" ಎಂದು ನನ್ನತ್ತ ಕೈ ತೋರಿಸಿದ.

ಅವಳು ನನ್ನನ್ನು ನೋಡಿದಳು. ಆಮೇಲೆ ಎತ್ತುಗಳನ್ನು ನೋಡಿದಳು. ಬೈದಿದ್ದರೆ ನಾನು ಸುಧಾರಿಸಿಕೊಳ್ಳುತ್ತಿದ್ದೆನೇನೋ.

ನಾನು ಬೆದ್ದಲು ಜಮೀನಿನವರ ಮನೆಯಲ್ಲಿ ಹುಟ್ಟಿದವನು. ನೊಗ ಮುಟ್ಟಿ ನಲವತ್ತು ವರ್ಷವಾಗಿದ್ದರೂ ಕೈ ಮರೆತಿರಲಿಲ್ಲ. ಗೂಟದಿಂದ ಬಲಗಡೆಯ ಎತ್ತನ್ನು ಬಿಚ್ಚಿ, ಅಂಗಳದ ಮೂಲೆಯಲ್ಲಿದ್ದ ಗಾಡಿಯವರೆಗೆ ನಡೆಸಿಕೊಂಡು ಹೋಗಿ, ನೊಗ ಎತ್ತಿ ಅದರ ಕೊರಳಿನ ಮೇಲೆ ಇಟ್ಟೆ. ಎತ್ತು ತಲೆ ತಿರುಗಿಸಿ ನನ್ನನ್ನು ನೋಡಿತು. ಇಂದು ಯಾವ ವಾರವೆಂದು ಅದಕ್ಕೆ ಗೊತ್ತಿತ್ತು.

ಸಾಹುಕಾರ ಚೀರಿದ ಚೀರಾಟಕ್ಕೆ ಬೀದಿಯೇ ಒಳಗೆ ಬಂತು. ಅವನ ತಾಯಿ ಎದೆ ಬಡಿದುಕೊಂಡರು. ಜೀಪಿನ ಡ್ರೈವರ್ ಇಳಿದು ಬಂದ. ಕಾರ್ಯದರ್ಶಿ ಚಪ್ಪಲಿ ಹೊರಗೆ ಬಿಟ್ಟು ಓಡಿ ಬಂದು ಬಸವಣ್ಣನಿಗೆ ಕೈ ಮುಗಿದ. ಸೋಮವಾರ ಎತ್ತು ಹೂಡಿದವನೆಂದು ಜನ ನನ್ನನ್ನು ನೋಡಿದ ರೀತಿಯಲ್ಲಿ ಕೊಲೆ ಮಾಡಿದವನನ್ನೂ ನೋಡಲಿಕ್ಕಿಲ್ಲ.

"ಬುದ್ಧಿಗಿದ್ಧಿ ಐತೇನಯ್ಯಾ ನಿಂಗೆ? ಮೂಕ ಪ್ರಾಣಿ, ಇವತ್ತೊಂದ್ ದಿನ ಅದಕ್ಕೆ ರೆಸ್ಟು" ಎಂದ ಸಾಹುಕಾರ.

"ಅರ್ಧ ಗಂಟೆ ಕಣಯ್ಯಾ" ಎಂದೆ. "ಸೆಕೆಂಡ್ ಹಾಫಲ್ಲಿ ಹೂಡ್ತೀನಿ, ಒಂದ್ ಸುತ್ತು ಆದ್ರೆ ಬಿಚ್ಬಿಡ್ತೀನಿ. ಬರ್ಕೊಡ್ಲಾ?"

ಅಷ್ಟರಲ್ಲಿ ಗೇಟಿನ ಹತ್ತಿರ ಸ್ಟ್ರೈಕರ್ ನಿಂತಿದ್ದುದು ಕಂಡಿತು. ಬೂಟಿನ ಚೀಲ ಹೆಗಲ ಮೇಲಿತ್ತು, ಬಲ ಮೊಣಕಾಲಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕುಂಟುತ್ತ ಬಂದು, ನನ್ನ ಕೈಯಿಂದ ಹಗ್ಗ ತೆಗೆದುಕೊಂಡು, ನೊಗ ಇಳಿಸಿ, ಎತ್ತನ್ನು ಮತ್ತೆ ಗೂಟಕ್ಕೆ ಕಟ್ಟಿದ. ಅದರ ಕೊರಳು ಸವರಿದ. ಆಮೇಲೆ ಬೂಟಿನ ಚೀಲವನ್ನು ಜೀಪಿನ ಸೀಟಿನ ಮೇಲೆ ಇಟ್ಟು, "ಇವತ್ತು ನಾನ್ ಬರಕ್ಕಿಲ್ಲ ಸಾವ್ಕಾರ್ರೆ. ಬೂಟು ಯಾರಿಗಾದ್ರೂ ಆಗ್ತವೆ" ಎಂದ. ಗಂಡ ಹೆಂಡತಿ ನಿಧಾನವಾಗಿ ನಡೆದು ಹೋದರು.

ತರೀಕೆರೆಯಲ್ಲಿ ನಾವು ಮೂರು ಗೋಲಿನಿಂದ ಸೋತೆವು. ನಾನು ಹೋಗಲಿಲ್ಲ. ಜೀಪಿನಲ್ಲಿ ಜಾಗವಿಲ್ಲವೆಂದು ತಿಳಿಸಲಾಯಿತು. ಮರುವಾರ ಸಾಹುಕಾರನ ಮನೆಯಲ್ಲಿ ಎತ್ತುಗಳಿಗೆ ಶಾಂತಿಪೂಜೆ ನಡೆಯಿತು. ಪ್ರಸಾದ ಊರಿಗೆಲ್ಲ ಹಂಚಿದರು, ನಮ್ಮ ಮನೆ ಬಿಟ್ಟು. ಒಬ್ಬನ ಕೊರಳಿನ ಮೇಲೆ ಅರೆಗಳಿಗೆ ನೊಗ ಇಟ್ಟಿದ್ದಕ್ಕೆ ಇಷ್ಟು ಶಾಂತಿ. ಇನ್ನೊಬ್ಬನ ಮೊಣಕಾಲಿಗೆ ಏನಾಯಿತೆಂದು ಕೇಳಲು ಪೂಜೆಗೆ ಬಂದವರಲ್ಲಿ ಒಬ್ಬನೂ ಅವನ ಮನೆಯ ಕಡೆ ಹೆಜ್ಜೆ ಹಾಕಲಿಲ್ಲ. ಡಾಕ್ಟರು ಎರಡು ತಿಂಗಳು ಮರ ಹತ್ತಬಾರದೆಂದಿದ್ದಾರೆ. ಬಾಲಿನ ಮಾತು ಆಮೇಲೆ ನೋಡೋಣವೆಂದಿದ್ದಾರೆ.

ಸಭೆ ಈಗಲೂ ಸೇರುತ್ತದೆಯಂತೆ. ನಿಜಕ್ಕೂ ಅವನ ಫಿನಿಶಿಂಗ್ ಕೆಟ್ಟಿದ್ದು ಯಾವಾಗಿನಿಂದ ಎಂಬುದು ಸದ್ಯದ ವಿಷಯ. ನಾನು ಬೇರೆ ಅಂಗಡಿಯಲ್ಲಿ ಗಡ್ಡ ಮಾಡಿಸುತ್ತೇನೆ. ಅಲ್ಲಿನವನು ಕ್ರಿಕೆಟ್ ಬಿಟ್ಟು ಬೇರೇನೂ ಮಾತಾಡುವುದಿಲ್ಲ.

ವಾರಕ್ಕೊಮ್ಮೆ ಆ ಹುಡುಗನ ಮನೆಗೆ ಹೋಗುತ್ತೇನೆ. ಅವನ ಹೆಂಡತಿ ಈಗ ಕಾಫಿ ಕೊಡುತ್ತಾಳೆ, ಮಾತು ಮಾತ್ರ ಅಳತೆಯಲ್ಲೇ ಇದೆ. ಹೊಸಿಲು ದಾಟುವ ಮೊದಲೇ "ಏಳ್ಬೇಡ ಕಣಪ್ಪಾ, ಕೂತ್ಕೋ" ಎಂದು ಗದರುತ್ತೇನೆ. ಅವನು ಕೇಳುವುದಿಲ್ಲ. ಎಡಗೈ ಗೋಡೆಗೆ ಊರಿ, ಬಲಗಾಲಿನ ಮೇಲೆ ಭಾರ ಬಿಡದೆ, ಹಿಂದಕ್ಕೆ ವಾಲಿಕೊಂಡು ಎದ್ದು ನಿಲ್ಲುತ್ತಾನೆ. ಅವನು ಮತ್ತೆ ಕೂರುವವರೆಗೆ ನನಗೆ ಅವನ ಮುಖ ನೋಡಲಾಗುವುದಿಲ್ಲ.