ವರ್ನಾ ಹುಡಾಕಳ ಊಟದ ಮೇಜಿನ ಮೇಲಿನ ವ್ಯೂಹ

ಬೆಳಕು ಹರಿಯುವುದರೊಳಗೆ ವರ್ನಾ ಹುಡಾಕ್ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು. ನೆಲಮಾಳಿಗೆಗೆ ಇಳಿದು, ರಾತ್ರಿ ನೆನೆಹಾಕಿದ ಕಪ್ಪು ಜೆರ್ಸಿಗಳ ತೋಳಿನಿಂದ ಹುಲ್ಲಿನ ಕಲೆ ಉಜ್ಜಿ ತೆಗೆಯುವುದು. ಹಸಿರು ಜೆರ್ಸಿಯೊಂದನ್ನು ಬೇರೆ ಬಕೆಟ್ಟಿನಲ್ಲಿ ಇಡುವುದು, ಅದು ಬಣ್ಣ ಬಿಡುತ್ತದೆ. ಗಂಡನ ಊಟದ ಡಬ್ಬಿ ಕಟ್ಟುವುದು, ಫ್ಲಾಸ್ಕಿಗೆ ಕಾಫಿ ತುಂಬುವುದು. ಸಂಜೆ ಬರುವ ಗಂಡಸರಿಗೆಂದು ಎರಡು ಎಲೆಕೋಸು ಹೆಚ್ಚಿಡುವುದು. ಕಾರಿನ ಗಾಜಿಗೆ ಕಟ್ಟಿದ ಮಂಜನ್ನು ಕೆರೆಯುವುದು. ಊಟದ ಮೇಜನ್ನು, ಅದರ ಮೇಲೆ ನಿಂತಿದ್ದ ಹನ್ನೊಂದು ವಸ್ತುಗಳಲ್ಲಿ ಒಂದನ್ನೂ ಕದಲಿಸದೆ, ಒರೆಸುವುದು. ಇಷ್ಟನ್ನೂ ಮಾಡುತ್ತಾ ಸ್ಕೂಲ್ ಬಸ್ಸಿನ ಬ್ರೇಕು, ಕನ್ನಡಿ, ದೀಪ, ತುರ್ತು ಬಾಗಿಲುಗಳನ್ನು ಒಂದೊಂದಾಗಿ ಹೆಸರಿಸಿ, ಪರೀಕ್ಷಕರ ಎದುರು ಒಪ್ಪಿಸುವಂತೆ ಗಟ್ಟಿಯಾಗಿ ಹೇಳಿಕೊಳ್ಳುವುದು.

ಮೇಜಿನ ಮೇಲಿದ್ದದ್ದು ರಕ್ಷಣಾ ವ್ಯೂಹ. ಸಾಸಿವೆ ಬಾಟಲಿ, ಕೆಚಪ್, ಸೌತೆ ಉಪ್ಪಿನಕಾಯಿಯ ಎರಡು ಜಾಡಿ, ಮೆಣಸಿನ ಪುಡಿ, ವಿನೆಗರ್, ಹೀಗೆ. ಎಲ್ಲರ ಹಿಂದೆ, ಮೇಜಿನ ಅಂಚಿನಲ್ಲಿ, ಕೊನೆಯ ಕಾವಲುಗಾರನಾಗಿ ಉಪ್ಪಿನ ಡಬ್ಬಿ. ಅದನ್ನು ಮುಟ್ಟಬಾರದೆಂದು ರೋಲಂಡ್ ಕಟ್ಟುನಿಟ್ಟಾಗಿ ಹೇಳಿದ್ದ. ಎರಡು ದಿನ ಸಪ್ಪೆ ಸಾರು ಕುಡಿದ ಮೇಲೆ ವರ್ನಾ ಅಂಗಡಿಗೆ ಹೋಗಿ ಇನ್ನೊಂದು ಉಪ್ಪಿನ ಡಬ್ಬಿ ತಂದಳು.

ರೋಲಂಡ್ ಹುಡಾಕ್ ಹಗಲು ಗ್ಯಾಸ್ ಸಿಲಿಂಡರ್ ಹಂಚುತ್ತಿದ್ದ, ಸಂಜೆ ಹ್ಯಾಲೋರನ್ ಹ್ಯಾಮರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ರಕ್ಷಣಾ ಕೋಚ್ ಆಗುತ್ತಿದ್ದ. ಕೊಳಾಯಿ ರಿಪೇರಿಯವರು, ಲಾರಿ ಚಾಲಕರು, ಕಸಾಯಿ ಅಂಗಡಿಯವರು ಸೇರಿ ಶನಿವಾರ ಒಬ್ಬರ ಮೇಲೊಬ್ಬರು ಬೀಳುವ ತಂಡ ಅದು. ತಂಡಕ್ಕೆ ಸಂಬಳ ಇಲ್ಲ, ಬಟ್ಟೆ ಒಗೆಯುವವರಿಲ್ಲ. ಕೋಚ್‌ಗಳಿಗೆ ಹೆಂಡತಿಯರಿದ್ದರು.

ಹದಿನೆಂಟು ವರ್ಷ ಈ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಆಟ ನಡೆಸುವವನು, ಪತ್ರಿಕೆಯಲ್ಲಿ ಫೋಟೋ ಬರುವವನು, ವರ್ನಾಳ ತಮ್ಮ ಮಿಲೋ ಸಾಬೋಲ್ ಆಗಿದ್ದ. ಈ ವರ್ಷ ಕಮಿಟಿಯವರು ಅವನಿಗೆ ವಯಸ್ಸಾಯಿತೆಂದರು. ಮಿಲೋ ಅವತ್ತೇ ಸೇತುವೆ ದಾಟಿ ಹೋಗಿ ಪೈಕ್ಸ್‌ಬರ್ಗ್‌ನವರ ಹಸಿರು ಜೆರ್ಸಿ ತೊಟ್ಟ. ನದಿಯ ಆಚೆಯವರ ಜೊತೆ ಈಚೆಯವರು ಮೂರು ತಲೆಮಾರಿನಿಂದ ಮದುವೆ ಆಗುತ್ತಿದ್ದರು, ಆದರೆ ಅವರ ಜೆರ್ಸಿಯನ್ನು ಯಾರೂ ತೊಟ್ಟಿರಲಿಲ್ಲ. ಈ ಶನಿವಾರ ಮಧ್ಯಾಹ್ನ ಈ ಎರಡು ತಂಡಗಳ ನಡುವೆಯೇ ಪಂದ್ಯ. ಜೆರ್ಸಿ ಬದಲಾಯಿತೇ ಹೊರತು ಒಗೆಯುವ ಮನೆ ಬದಲಾಗಲಿಲ್ಲ. ಮಿಲೋ ಎಂದಿನಂತೆ ಸೋಮವಾರ ಕೊಳೆ ಬಟ್ಟೆ ತಂದು ಅಕ್ಕನ ನೆಲಮಾಳಿಗೆಗೆ ಸುರಿದ, ಗುರುವಾರ ಒಯ್ಯಲು ಬರುತ್ತೇನೆಂದ, ಊಟಕ್ಕೆ ಕೂತ.

ಅವನ ಕಾರಿನ ಸದ್ದು ಕೇಳುತ್ತಲೇ ರೋಲಂಡ್ ಮೇಜಿನ ಮೇಲೆ ದೊಡ್ಡ ಹಾಸೊಂದನ್ನು ಎಳೆದಿದ್ದ. ಗುಡ್ಡಗುಡ್ಡವಾಗಿದ್ದ ಹಾಸಿನ ಪಕ್ಕ ಸಿಕ್ಕಷ್ಟು ಜಾಗದಲ್ಲಿ ತಟ್ಟೆ ಇಟ್ಟುಕೊಂಡು ಮಿಲೋ ಉಣ್ಣತೊಡಗಿದ. ಅಡಿಯಲ್ಲಿ ಏನೆಂದು ಕೇಳಿದ್ದಕ್ಕೆ ರೋಲಂಡ್, ಚರ್ಚಿನ ಹಬ್ಬದ ಸಾಮಾನು ಎಂದ. ಮಿಲೋ ತಲೆಯಾಡಿಸಿ, ಸ್ವಲ್ಪ ಉಪ್ಪು ಕೊಡಿ ಭಾವ ಎಂದ. ವರ್ನಾ ಹೊಸ ಡಬ್ಬಿ ತರಲು ಒಲೆಯ ಕಡೆ ತಿರುಗುವಷ್ಟರಲ್ಲಿ, ಗಾಬರಿಯಲ್ಲಿದ್ದ ರೋಲಂಡ್ ಹಾಸಿನ ಅಡಿ ಕೈ ತೂರಿಸಿ ತನ್ನ ಕೊನೆಯ ಕಾವಲುಗಾರನನ್ನೇ ಎತ್ತಿ ಕೊಟ್ಟುಬಿಟ್ಟ. ಮಿಲೋ ಉಪ್ಪು ಉದುರಿಸಿಕೊಂಡು ಡಬ್ಬಿಯನ್ನು ಹಾಸಿನ ಮೇಲೆ, ಕೈಗೆ ಸಿಕ್ಕ ಕಡೆ ಇಟ್ಟ.

ಅವನು ಹೋದ ಮೇಲೆ ರೋಲಂಡ್ ಮತ್ತು ಅವನ ಸಹಾಯಕ ಲೆಸ್ಟರ್ ಆ ಡಬ್ಬಿಯನ್ನು ಬಹಳ ಹೊತ್ತು ದಿಟ್ಟಿಸಿದರು. ಅದು ಮೊದಲಿಗಿಂತ ಎರಡು ಬೆರಳು ಎಡಕ್ಕಿತ್ತು. ಇದು ಸುಳಿವೋ ಮೋಸವೋ ಎಂದು ಚರ್ಚೆಯಾಯಿತು. ಮಿಲೋನಿಗೆ ಉಪ್ಪು ಬೇಕಿತ್ತು ಎಂದು ವರ್ನಾ ಹೇಳಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ, ಅಲ್ಲೇ ನಿಂತರೆ ಹೆಚ್ಚು ಒಳ್ಳೆಯದು ಎಂದು ಇಬ್ಬರೂ ಒಪ್ಪಿ, ಕೊನೆಯ ಕಾವಲುಗಾರನನ್ನು ಎರಡು ಬೆರಳು ಎಡಕ್ಕೆ ನಿಲ್ಲಿಸಿದರು. ಆ ಚರ್ಚೆಯ ನಡುವೆ ಲೆಸ್ಟರ್ ಬಲ ಮೂಲೆಯ ಕಾವಲುಗಾರನ ಜಾಡಿಯಿಂದ ಅರ್ಧಕ್ಕರ್ಧ ಉಪ್ಪಿನಕಾಯಿ ತಿಂದು ಮುಗಿಸಿದ್ದ.

ನಿಜವಾದ ಕಷ್ಟ ಇದ್ದದ್ದು ಮಿಲೋನ ತೋಳಿನಲ್ಲಲ್ಲ, ಗಂಟಲಿನಲ್ಲಿ. ಆಟಗಾರರೆಲ್ಲ ಎದುರುಬದುರಾಗಿ ಬಾಗಿ ನಿಂತಾಗ ಅವನು ಕೂಗಬೇಕು, ಆ ಕೂಗಿಗೆ ಸರಿಯಾಗಿ ಚೆಂಡು ಹಿಂದಕ್ಕೆ ಬರಬೇಕು. ಚೆಂಡು ಕದಲುವ ಮೊದಲೇ ಎದುರಿನವರು ನುಗ್ಗಿದರೆ ಅವರಿಗೆ ಐದು ಗಜದ ದಂಡ. ಮಿಲೋ ಬೇಕೆಂದೇ ಕೂಗನ್ನು ಎಳೆಯುತ್ತಿದ್ದ, ನಿಲ್ಲಿಸುತ್ತಿದ್ದ, ಇದ್ದಕ್ಕಿದ್ದಂತೆ ಗದರುತ್ತಿದ್ದ. ಎದುರಿನವರು ಬೆಚ್ಚಿ ನುಗ್ಗಿಬಿಡುತ್ತಿದ್ದರು. ಹೀಗೆ ಕೂಗಿ ಕೂಗಿಯೇ ಅವನು ಮೈದಾನದ ಅರ್ಧ ಗೆದ್ದ ದಿನಗಳಿದ್ದವು. ಆ ಕೂಗನ್ನು ಅಣಕಿಸಿ ಅಭ್ಯಾಸ ಮಾಡಿಸಲು ಹ್ಯಾಮರ್ಸ್‌ನಲ್ಲಿ ಯಾರಿಗೂ ಬರುತ್ತಿರಲಿಲ್ಲ. ವರ್ನಾಳಿಗೆ ಬರುತ್ತಿತ್ತು. ತಮ್ಮ ಒಂಬತ್ತು ವರ್ಷದವನಿದ್ದಾಗಿನಿಂದ ಪಕ್ಕದ ಕೋಣೆಯಲ್ಲಿ ಮಲಗಿ ಅದನ್ನು ಕೇಳಿದವಳು ಅವಳು.

ಹಾಗಾಗಿ ಮಂಗಳವಾರ ಸಂಜೆ, ಶಾಲೆಯ ಅಡುಗೆಮನೆಯ ಪಾಳಿ ಮುಗಿಸಿ ಬಂದ ವರ್ನಾ, ಏಪ್ರನ್ ಕೂಡ ಬಿಚ್ಚದೆ, ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತಳು. ಅವಳ ಮುಂದೆ ಚೆಂಡು ಹಿಡಿದು ಬಾಗಿದ ಲೆಸ್ಟರ್, ಅವನ ಆಚೆ ಸಾಲಾಗಿ ಬಾಗಿದ ದಪ್ಪ ಗಂಡಸರು.

"ನೀಲಿ ನಲವತ್ತು! ನೀಲಿ ನಲವತ್ತು! ಸೆ...ಟ್... ಹಟ್!"

ನಾಲ್ಕು ಜನ ನುಗ್ಗಿದರು. ಚೆಂಡು ಲೆಸ್ಟರನ ಕೈಯಲ್ಲೇ ಇತ್ತು. ಕಸಾಯಿ ಅಂಗಡಿಯವನು ಅವಳ ಪಾರ್ಸ್ಲಿ ಸೊಪ್ಪಿನ ಮಡಿಯಲ್ಲಿ ಮುಗ್ಗರಿಸಿ ಬಿದ್ದ. ಧ್ವನಿಗೆ ಕದಲಬೇಡಿ, ಚೆಂಡಿಗೆ ಕದಲಿ ಎಂದು ರೋಲಂಡ್ ಬೈದ. ಬುಧವಾರದ ಹೊತ್ತಿಗೆ ವರ್ನಾ ಎಷ್ಟು ಕೂಗಿದರೂ ಒಬ್ಬನೂ ಮಿಸುಕದಷ್ಟು ಪಳಗಿದರು. ಅವತ್ತು ಎಲೆಕೋಸು ಶ್ಯಾವಿಗೆ ಉಂಡ ಮೇಲೆ, ತಟ್ಟೆಗಳನ್ನು ಸಿಂಕಿಗಾದರೂ ತಂದಿಡಿ ಎಂದು ವರ್ನಾ ಕರೆದಳು. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದಳು. ರೋಲಂಡ್ ಹೆಮ್ಮೆಯಿಂದ ಸುತ್ತ ನೋಡಿದ.

"ನೋಡು ಲೆಸ್ಟರ್, ಒಬ್ಬನಾದ್ರೂ ಅಲುಗಾಡಿದ್ನಾ?"

ವರ್ನಾ ತಟ್ಟೆಗಳನ್ನು ತಾನೇ ಎತ್ತಿದಳು, ತೊಳೆಯುತ್ತಾ ಬಸ್ಸಿನ ಬ್ರೇಕಿನಿಂದ ತುರ್ತು ಬಾಗಿಲಿನವರೆಗೆ ಹೇಳಿಕೊಂಡಳು. ಶನಿವಾರ ಬೆಳಿಗ್ಗೆ ಬಸ್ ಡಿಪೋದಲ್ಲಿ ಅವಳ ಚಾಲನಾ ಪರೀಕ್ಷೆ ಇತ್ತು. ಪರೀಕ್ಷಕರು ಮತ್ತೆ ಈ ಕಡೆ ಬರುವುದು ವಸಂತದಲ್ಲಿ, ಅಷ್ಟರಲ್ಲಿ ಚಾಲಕರ ಜಾಗ ಖಾಲಿ ಇರುವ ಗುಡ್ಡದ ರಸ್ತೆಯ ಬಸ್ಸು ಬೇರೆಯವರ ಪಾಲಾಗುತ್ತದೆ ಎಂದು ಅವಳಿಗೆ ಬಸ್ಸು ಕಲಿಸುತ್ತಿದ್ದ ಓಪಲ್ ಟ್ರೂಯಿಟ್ ಸ್ಪಷ್ಟವಾಗಿ ಹೇಳಿದ್ದಳು. ಆ ಕೆಲಸಕ್ಕೆ ಆರೋಗ್ಯ ವಿಮೆ ಉಂಟು. ಕೂರಲು ಸೀಟುಂಟು. ಇಪ್ಪತ್ತು ವರ್ಷ ಬೇರೆಯವರ ಮಕ್ಕಳ ತಟ್ಟೆಗಳ ಎದುರು ನಿಂತವಳಿಗೆ ಆ ಸೀಟಿನ ಆಸೆ ಎಷ್ಟಿತ್ತೆಂದರೆ, ಓಪಲ್ ಇಲ್ಲದಾಗಲೂ ಅವಳು ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗಿ ಡಿಪೋಗೆ ಹೋಗಿ ನಿಂತ ಬಸ್ಸಿನಲ್ಲಿ ಸುಮ್ಮನೆ ಕೂತು ಬರುತ್ತಿದ್ದಳು.

ಗುರುವಾರ ಸಂಜೆ ಮಿಲೋ ಹೇಳಿದ್ದಕ್ಕಿಂತ ಬೇಗ ಬಂದ. ನೇರ ನೆಲಮಾಳಿಗೆಗೆ ಇಳಿದು, ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ಹಿತ್ತಲ ಮೆಟ್ಟಿಲಿಗೆ ಬಂದಾಗ ಅಕ್ಕ ಅವನದೇ ಧ್ವನಿಯಲ್ಲಿ ಕೂಗುತ್ತಿದ್ದಳು. ಅವನು ನಿಂತು ಕೇಳಿದ. ಮುಖ ಸಿಂಡರಿಸಿದ. ಬುಟ್ಟಿ ಕೆಳಗಿಟ್ಟ.

"ಹಂಗಲ್ಲ ಅಕ್ಕಾ. ನೀನು ಹಟ್ಟನ್ನ ಹಲ್ಲಲ್ಲಿ ಕಡೀತಿದ್ದೀಯ. ಅದು ಹೊಟ್ಟೆಯಿಂದ ಬರ್ಬೇಕು. ಜರುಗು ಸ್ವಲ್ಪ."

ವರ್ನಾ ಜರುಗಿದಳು. ಮಿಲೋ ಲೆಸ್ಟರನ ಹಿಂದೆ ನಿಂತು ಕೂಗಿದ. ಮೂವರು ನುಗ್ಗಿದರು. ಅವನಿಗೆ ಖುಷಿಯಾಯಿತು, ಬಾಯಿತುಂಬ ಬೈದ. ಇದಕ್ಕೇ ಬೆಚ್ಚಿದರೆ ಶನಿವಾರ ಏನು ಗತಿ ಎಂದ. ಮೂಲೆಯವನಿಗೆ ಹಿಂದೆ ಹೋಗೆಂದ, ಅಷ್ಟು ಹತ್ತಿರ ನಿಂತರೆ ತಲೆಯ ಮೇಲಿಂದ ಎಸೆಯುತ್ತೇನೆಂದ. ಎಡಗಡೆಯವರಿಗೆ, ನನ್ನ ಕಾಲು ನೋಡಬೇಡಿ, ಸೊಂಟ ನೋಡಿ ಎಂದು ಹೇಳಿಕೊಟ್ಟ. ಹದಿನೆಂಟು ವರ್ಷ ಗುರುವಾರ ಸಂಜೆಗಳಲ್ಲಿ ಇದೇ ಜನರ ಜೊತೆ ಇದನ್ನೇ ಮಾಡಿದ್ದವನು. ಅವರೂ ಹದಿನೆಂಟು ವರ್ಷ ಬೈಸಿಕೊಂಡವರು, ತಲೆಯಾಡಿಸಿ ಹೇಳಿದಂತೆ ಕೇಳಿದರು. ರೋಲಂಡ್ ಕೂಡ ಉತ್ಸಾಹದಲ್ಲಿ, ಇನ್ನೊಮ್ಮೆ ಮಾಡಿ ತೋರಿಸೋ ಎಂದು ಎರಡೆರಡು ಸಲ ಕೇಳಿದ. ಕತ್ತಲಾಗುವವರೆಗೆ ಆಡಿ, ಬೆನ್ನು ತಟ್ಟಿಕೊಂಡು, ಎಲ್ಲರೂ ಒಳಗೆ ಬಂದು ಉಣ್ಣಲು ಕೂತರು. ಜಾಗ ಸಾಲದೆ ವ್ಯೂಹವನ್ನು ಎತ್ತಿ ಕಿಟಕಿಯ ಕಟ್ಟೆಗೆ ಸರಿಸಲಾಯಿತು. ಅದನ್ನು ಸರಿಸಿದವನು ಮಿಲೋ.

ಎರಡನೆಯ ಸಲ ಬಡಿಸಿಕೊಳ್ಳುವಾಗ ಅವನ ಕೈಯ ಸೌಟು ಗಾಳಿಯಲ್ಲಿ ನಿಂತಿತು.

"ಅಲ್ಲಾ ಭಾವ... ಶನಿವಾರ ನಾನು ಆ ಕಡೆ ಅಲ್ವಾ?"

ಲೆಸ್ಟರ್ ಸೂರನ್ನು ನೋಡಿದ. ಕಸಾಯಿ ಅಂಗಡಿಯವನು ತಟ್ಟೆಯನ್ನು ನೋಡಿದ. ಹೌದಲ್ಲವೋ ಎಂದು ಯಾರೋ ಮೆಲ್ಲಗೆ ಅಂದರು. ವರ್ನಾ ಒಬ್ಬಳಿಗೆ ನಗು ತಡೆಯಲಾಗದೆ ಅವಳು ಒಲೆಯ ಕಡೆ ತಿರುಗಿ ನಿಲ್ಲಬೇಕಾಯಿತು.

ಆಮೇಲೆ ಎಲ್ಲರಿಗೂ ಒಟ್ಟಿಗೇ ಗಾಬರಿಯಾಯಿತು. ವ್ಯೂಹ ಮಿಲೋನಿಗೆ ತಿಳಿದುಹೋಗಿತ್ತು. ಮಿಲೋನ ಕೂಗು, ಕಾಲು, ಸೊಂಟ ಎಲ್ಲ ಇವರಿಗೆ ತಿಳಿದುಹೋಗಿತ್ತು. ತಾನು ಕೂಗನ್ನೆಲ್ಲ ಹೊಸದಾಗಿ ಕಟ್ಟಬೇಕೆಂದು ಮಿಲೋ ಬುಟ್ಟಿ ಎತ್ತಿಕೊಂಡ. ಅಲ್ಲೇ ಅವನಿಗೆ ಭುಜದ ನೋವು ನೆನಪಾಯಿತು. ಶನಿವಾರ ಬೆಳಿಗ್ಗೆ ಸೇತುವೆಯಾಚೆ ಬಂದು ಭುಜಕ್ಕೆ ಪಟ್ಟಿ ಸುತ್ತಿ ಹೋಗು ಅಕ್ಕ ಎಂದ. ಪೈಕ್ಸ್‌ಬರ್ಗ್‌ನವರು ಸುತ್ತಿದ ಪಟ್ಟಿ ಅರ್ಧ ಆಟಕ್ಕೇ ಬಿಚ್ಚಿಕೊಳ್ಳುತ್ತಿತ್ತು. ಆಗುವುದಿಲ್ಲ ಎಂದ ರೋಲಂಡ್. ಶನಿವಾರ ಬೆಳಿಗ್ಗೆ ಚರ್ಚಿನ ಅಂಗಳದಲ್ಲಿ ಹೊಸ ತಾಲೀಮು, ತಮ್ಮ ಏನೇನು ಹೊಸ ಕೂಗು ಹುಟ್ಟಿಸಬಹುದು ಎಂದು ಊಹಿಸಿ ಕೂಗಲು ವರ್ನಾ ಅಲ್ಲಿರಬೇಕು ಎಂದ. ಇಬ್ಬರೂ ಅವಳ ಮೇಲಿನ ಹಕ್ಕಿಗಾಗಿ ಅವಳ ಎದುರೇ ವಾದ ಮಾಡಿದರು.

"ಶನಿವಾರ ಬೆಳಿಗ್ಗೆ ನನ್ನ ಪರೀಕ್ಷೆ" ಎಂದಳು ವರ್ನಾ.

"ಯಾವ ಪರೀಕ್ಷೆ?" ಎಂದ ರೋಲಂಡ್. ತಿಂಗಳಿಂದ ಅವಳು ಹೇಳುತ್ತಲೇ ಇದ್ದದ್ದು ನಿಧಾನವಾಗಿ ಅವನ ತಲೆಗೆ ಹತ್ತಿತು. "ಓ, ಆ ಬಸ್ಸಿಂದಾ? ಬಸ್ಸೇನು ಎಲ್ಲಿಗೂ ಓಡಿಹೋಗಲ್ಲ ಕಣೇ."

"ಓಡಿಹೋಗೋದೇ ಬಸ್ಸಿನ ಕೆಲಸ ಭಾವ" ಎಂದ ಮಿಲೋ. ಎಲ್ಲರೂ ನಕ್ಕರು. ಅದು ಪರೀಕ್ಷೆಯ ಪರವಾಗಿ ಆಡಿದ ಮಾತೇನೂ ಆಗಿರಲಿಲ್ಲ. ಹೊರಡುವಾಗ ಅವನು, ಒಂಬತ್ತಕ್ಕೆ ಬಾ ಎಂದೇ ಹೇಳಿ ಹೋದ.

ಶುಕ್ರವಾರ ಸಂಜೆ ರೋಲಂಡ್ ಒಬ್ಬನೇ ಮೇಜಿನ ಮೇಲೆ ಹೊಸ ವ್ಯೂಹ ಜೋಡಿಸುತ್ತಿದ್ದ. ಲೆಸ್ಟರ್ ಉಪ್ಪಿನಕಾಯಿ ಮುಗಿಸಿದ್ದರಿಂದ ಬಲ ಮೂಲೆಯಲ್ಲಿ ಈ ಸಲ ಜೇನಿನ ಬಾಟಲಿ ನಿಂತಿತ್ತು. ಅವನು ತಲೆ ಎತ್ತದೆ, ಯಾವತ್ತೂ ಇಲ್ಲದ ಮೆತ್ತಗಿನ ಧ್ವನಿಯಲ್ಲಿ ಮಾತಾಡಿದ.

"ಹದಿನೆಂಟು ವರ್ಷ ಅವನು ಎಸೆದ, ನಾನು ತಡೆದೆ. ತಡೆದದ್ದರ ಫೋಟೋ ಯಾರೂ ತೆಗೀಲಿಲ್ಲ ವರ್ನಾ. ನಾಳೆ ಅವನನ್ನೇ ತಡೆದ್ರೆ ತೆಗೀಬೇಕಾಗುತ್ತೆ. ಒಂದೇ ಸಲ, ನನಗೋಸ್ಕರ. ವಸಂತದಲ್ಲಿ ನಾನೇ ನಿನ್ನ ಡಿಪೋಗೆ ಬಿಟ್ಟು ಬರ್ತೀನಿ."

ವರ್ನಾಳಿಗೆ ಪಾಪ ಅನ್ನಿಸಿತು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಿಲೋನ ಭುಜದ ನೋವೂ ಸುಳ್ಳಲ್ಲ, ಚಿಕ್ಕಂದಿನಿಂದ ಅದಕ್ಕೆ ಎಣ್ಣೆ ತಿಕ್ಕಿದವಳು ಅವಳೇ. ಒದ್ದೆ ಬಟ್ಟೆ ಹಿಡಿದು ಜೇನಿನ ಬಾಟಲಿಯ ಸುತ್ತ ಒರೆಸಿದಳು. ಅವಳು ಸುಮ್ಮನಿದ್ದದ್ದನ್ನು ರೋಲಂಡ್ ಒಪ್ಪಿಗೆ ಎಂದುಕೊಂಡು ನೆಮ್ಮದಿಯಿಂದ ಮಲಗಲು ಹೋದ.

ಶನಿವಾರ ಅವನು ಲೆಸ್ಟರನ ಲಾರಿಯಲ್ಲಿ ಮುಂಚೆಯೇ ಹೊರಟ. ಜೆರ್ಸಿಗಳನ್ನು ಒಣಗಿಸಿ, ಕಾರಿಗೆ ಹಾಕಿಕೊಂಡು, ಚರ್ಚಿಗೆ ಬಂದುಬಿಡು ಎಂದು ಬಾಗಿಲಿನಿಂದ ಕೂಗಿ ಹೇಳಿದ. ಮಿಲೋ ಎರಡು ಸಲ ಫೋನ್ ಮಾಡಿದ, ಪಟ್ಟಿಯ ಸುರುಳಿ ತರಲು ಮರೆಯಬೇಡ ಎಂದ. ವರ್ನಾ ಕಾಫಿ ಮಾಡಿಕೊಂಡಳು. ಅದನ್ನು ಕೂತು ಕುಡಿದಳು. ಕೆಳಗೆ ನೆಲಮಾಳಿಗೆಯಲ್ಲಿ ಯಂತ್ರ ತಿರುಗಿ ತಿರುಗಿ ನಿಂತು, ಬಟ್ಟೆ ತೆಗೆಯಿರಿ ಎಂದು ಗುಂಯ್‌ಗುಟ್ಟಿತು. ತೆಗೆದು ಒಣಗಿಸುವ ಯಂತ್ರಕ್ಕೆ ಹಾಕಲು ಐದು ನಿಮಿಷ, ಒಣಗಲು ಒಂದು ಗಂಟೆ. ಆ ಗಂಟೆ ಮುಗಿಯುವಷ್ಟರಲ್ಲಿ ಡಿಪೋದಲ್ಲಿ ಅವಳ ಹೆಸರು ಕರೆದಾಗಿರುತ್ತದೆ.

ಅವಳು ನೆಲಮಾಳಿಗೆಯ ಮೆಟ್ಟಿಲ ಮೇಲ್ತುದಿಯಲ್ಲಿ ನಿಂತಳು. ಒದ್ದೆ ಜೆರ್ಸಿ ತೊಟ್ಟು ಅಕ್ಟೋಬರ್ ಚಳಿಯಲ್ಲಿ ಬಾಗಿ ನಿಂತ ಕಸಾಯಿ ಅಂಗಡಿಯವನು ಕಣ್ಣ ಮುಂದೆ ಬಂದ. ಸೊಂಟಕ್ಕೆ ಕೈಕೊಟ್ಟು ರಸ್ತೆ ನೋಡುವ ರೋಲಂಡ್ ಬಂದ. ಭುಜ ಹಿಡಿದುಕೊಂಡು ಕಿಟಕಿಯಲ್ಲಿ ಇಣುಕುವ ತಮ್ಮ ಬಂದ. ಯಂತ್ರ ಇನ್ನೊಮ್ಮೆ ಗುಂಯ್‌ಗುಟ್ಟಿತು.

ನೆಲಮಾಳಿಗೆಯ ದೀಪ ಆರಿಸಿ, ಬಾಗಿಲು ಎಳೆದುಕೊಂಡು, ವರ್ನಾ ಕಾರಿಗೆ ಬಂದಳು. ಬೀದಿಯ ಕೊನೆಯಲ್ಲಿ ನೇರ ಹೋದರೆ ಚರ್ಚು, ಬಲಕ್ಕೆ ಸೇತುವೆ. ಹಿಂದೆ ಯಾವ ಗಾಡಿಯೂ ಇರಲಿಲ್ಲ, ಎದುರಿಗೂ ಇರಲಿಲ್ಲ. ಅವಳು ಎಡಕ್ಕೆ ತಿರುಗಿದಳು.